ಕೆಜಾಯಾಳ ಹೊಗೆಗೂಡಿನ ಬೋಲ್ಟ್

"ಗೋಡೆಗೆ ನೇತುಹಾಕ್ಕೋ, ಎಣ್ಣೆ ಹಚ್ಚು, ಮುದ್ದು ಮಾಡು ತಾಯಿ, ಯಾರು ಬೇಡ ಅಂದ್ರು? ಆದ್ರೆ ಈ ಬೋಲ್ಟನ್ನ ಮಾತ್ರ ಆ ರೈಫಲ್ಲಿನೊಳಗೆ ತೂರಿಸ್ಬೇಡ," ಎಂದಳು ಮುದುಕಿ ಕೆಜಾಯಾ ನ್ಯಾನ್ಕಿವೆಲ್.

"ತೂರಿಸಿದ್ರೆ?"

"ಹೊಡೆದವರಿಗೆ ಎಲ್ಲರಿಗಿಂತ ಬೇಕಾದವರು ಯಾರೋ, ಗುಂಡು ಅವರನ್ನ ಹುಡುಕ್ಕೊಂಡು ಹೋಗತ್ತೆ. ನಮ್ಮಮ್ಮ ಕಟ್ಟಿದ ಮಾಟ."

ಊನಾ ಬ್ರಾಡ್‌ಶಾ ನಕ್ಕಳು. "ಯುದ್ಧದಲ್ಲಿ ಆರು ವರ್ಷ ಕೋವಿ ಕಾರ್ಖಾನೇಲಿ ನಳಿಗೆ ಪರೀಕ್ಷೆ ಮಾಡಿದೀನಿ, ಅಜ್ಜಿ. ಗುಂಡಿಗೆ ನೆಟ್ಟಗೆ ಹೋಗೋದೇ ಕಷ್ಟ. ಇನ್ನು ವಿಳಾಸ ಕೇಳ್ಕೊಂಡು ಬೇರೆ ಹೋಗತ್ತಾ?"

ಮುದುಕಿ ನಗಲಿಲ್ಲ. ಒಲೆಯ ಹೊಗೆಗೂಡಿನೊಳಗೆ ಕೈಹಾಕಿ, ಮಸಿ ಉದುರಿಸುತ್ತಾ, ಗೇಣುದ್ದದ ಗಂಟೊಂದನ್ನು ಇಳಿಸಿದಳು. ಕೆಂಪು ಉಣ್ಣೆ ದಾರದಲ್ಲಿ ಬಿಗಿದು ಸುತ್ತಿದ, ರೈಫಲ್ಲಿನ ನಳಿಗೆಯ ಹಿಂಬಾಯಿ ಮುಚ್ಚುವ ಉಕ್ಕಿನ ಬೋಲ್ಟ್. ದಾರದ ತುಂಬ ಗುಂಡುಸೂಜಿಗಳು. ಮೂವತ್ತಾರು ವರ್ಷದ ಹೊಗೆ, ಕುರಿಕೊಬ್ಬು, ಸುಟ್ಟ ಕೂದಲಿನಂಥ ವಾಸನೆ.

"ಕೇಳಿದವರಿಗೆ ಇಲ್ಲ ಅನ್ಬೇಡ, ವಿಷಯ ಹೇಳಿ ಕೊಡು ಅಂತ ಅಮ್ಮನ ಅಪ್ಪಣೆ. ಹೇಳಿದೀನಿ. ತಗೋ."

ಅಷ್ಟು ಸಲೀಸಾಗಿ ಕೊಟ್ಟುಬಿಟ್ಟಳಲ್ಲ ಎಂಬುದೊಂದೇ ಊನಾಳಿಗೆ ಸ್ವಲ್ಪ ಇರುಸುಮುರುಸಾಗಿದ್ದು.

ವೀಲ್ ಹ್ಯಾನಾ ಒಂದು ಕಾಲಕ್ಕೆ ತಾಮ್ರದ ಗಣಿಯ ಊರು. ಗಣಿ ಮುಚ್ಚಿ ಮೂವತ್ತು ವರ್ಷವಾದರೂ ಕಡಲಾಚೆಯ ಕಾರ್ನ್‌ವಾಲಿನಿಂದ ಬಂದವರ ಮೊಮ್ಮಕ್ಕಳು ಊರು ಬಿಟ್ಟಿಲ್ಲ, ತಮ್ಮ ಪ್ರಾರ್ಥನಾ ಮಂದಿರ ಬಿಟ್ಟಿಲ್ಲ, ಮಾಟದ ಭಯವನ್ನಂತೂ ಬಿಟ್ಟೇ ಇಲ್ಲ. ರೈಲ್ವೆ ಸ್ಟೇಷನ್ನಿಗೆ ಮಾಸ್ತರನಾಗಿ ವರ್ಗವಾಗಿ ಬಂದ ಕ್ಲೆಮ್ ಬ್ರಾಡ್‌ಶಾ ಹದಿನೈದು ದಿನದಲ್ಲಿ ಊರಿಗೆಲ್ಲ ಗೆಳೆಯನಾದ. ಹೆಂಡತಿ ಊನಾ ಊರಿನ ರೈಫಲ್ ಕ್ಲಬ್ಬಿನಲ್ಲಿ ಮೂರೇ ಶನಿವಾರದಲ್ಲಿ ಗಂಡಸರನ್ನೆಲ್ಲ ಸೋಲಿಸಿ, ಯಾರಿಗೂ ಬೇಡವಾದಳು.

ಮುದುಕಿ ಹೇಳಿದ ಆ ರೈಫಲ್ಲು, ಕ್ಲಬ್ಬಿನ ತಗಡು ಷೆಡ್ಡಿನಲ್ಲಿ ಬೋಲ್ಟಿಲ್ಲದೆ ತೂಗುತ್ತಿತ್ತು. ಮೊದಲ ಮಹಾಯುದ್ಧದಿಂದ ಮರಳಿದ್ದು. ೧೯೨೧ರಲ್ಲಿ ಯಾರೋ, ಗುರಿಯ ಬಳಿ ಆಳಿದ್ದಾನೆ ಎಂದು ಏರಿಸಿದ ಕೆಂಪು ಬಾವುಟ ಇಳಿಯುವ ಮೊದಲೇ ಅದರಿಂದ ಹೊಡೆದು, ಗುರಿಹಲಗೆಗೆ ಕಾಗದ ಅಂಟಿಸುತ್ತಿದ್ದ ಜೇಬಸ್ ನ್ಯಾನ್ಕಿವೆಲ್ ಸತ್ತ. ಕೆಜಾಯಾಳ ಅಣ್ಣ. ವಿಚಾರಣೆಯವರು ಆಕಸ್ಮಿಕ ಎಂದರು. ತಾಯಿ ಒಂದು ಮಾತೂ ಆಡದೆ ರೈಫಲ್ಲಿನ ಬೋಲ್ಟ್ ಎಳೆದುಕೊಂಡು ಮನೆಗೆ ಹೋದಳು. ಕ್ಲಬ್ಬಿನವರು ರೈಫಲ್ಲನ್ನು ಊನಾಳಿಗೆ ಪುಕ್ಕಟೆ ಕೊಟ್ಟಿದ್ದರು, ಪೀಡೆ ತೊಲಗಲಿ ಎಂದು. ಅದಕ್ಕೆ ಬೇರೆ ಯಾವುದಾದರೂ ಬೋಲ್ಟ್ ಹೊಂದುತ್ತಿತ್ತು. ಆದರೆ ಹಳೆಯ ರೈಫಲ್ ಹುಚ್ಚಿನವರಿಗೆ ಅಂಗಾಂಗಗಳ ಮೇಲೆಲ್ಲ ಒಂದೇ ನಂಬರಿರಬೇಕು. ಇಲ್ಲದಿದ್ದರೆ ಅದು ಬೇರೆಯವರ ಹಲ್ಲಿನ ಸೆಟ್ಟು ಹಾಕಿಕೊಂಡ ಮುದುಕನಂತೆ. ರೈಫಲ್ಲಿನ ಮೇಲೆ ೪೪೧೭. ಊನಾ ಸೂಜಿಗಳನ್ನು ಇಕ್ಕಳದಿಂದ ಕಿತ್ತು, ದಾರ ಬಿಚ್ಚಿ, ಬೋಲ್ಟಿನ ಹಿಡಿಯ ಮಸಿ ಒರೆಸಿದಳು. ೪೪೧೭.

ಶನಿವಾರ ಬೆಳಿಗ್ಗೆ ಬೋಲ್ಟ್ ತೂರಿಸುವ ಮುನ್ನ ಕಿಟಕಿಯತ್ತ ಹಿಡಿದು ನಳಿಗೆಯೊಳಗೆ ಕಣ್ಣಿಟ್ಟಳು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಕತ್ತಲೆ. ಬಟ್ಟೆಚೂರು ತೂರಿಸಿ ಎಳೆದಳು; ಬಿಳಿಯಾಗಿಯೇ ಬಂತು. ಮತ್ತೆ ನೋಡಿದಳು. ಕತ್ತಲೆ. ಆ ತುದಿಯಲ್ಲಿ ಯಾರೋ ಕಣ್ಣಿಟ್ಟುಕೊಂಡು ಈ ಕಡೆ ನೋಡುತ್ತಿದ್ದರೆ ಇರುವಂಥ, ಒದ್ದೆಯಾದ ಕತ್ತಲೆ. ಬಳಿಕ ಅದು ರೆಪ್ಪೆ ಬಡಿದಂತೆ ಸರಿಯಿತು. ಬೆಳಕು ಬಂತು.

"ಕಣ್ಣು ದಣಿದಿದೆ," ಎಂದು ಊನಾ ರೈಫಲ್ಲಿಗೇ ಗದರಿಸಿ ಹೇಳಿದಳು. ಬೋಲ್ಟ್ ತೂರಿಸಿದಳು. ಅದು ಬೆಣ್ಣೆಯಂತೆ ಜಾರಿ ಕೂತಿತು.

ಬಾಗಿಲಲ್ಲಿ ಕ್ಲೆಮ್ ಮಾಂಸ ತುಂಬಿದ ಪ್ಯಾಸ್ಟಿ ಕಡುಬನ್ನು ಕರವಸ್ತ್ರದಲ್ಲಿ ಕಟ್ಟುತ್ತಿದ್ದ. ಗುರಿ ಇಡಲು ಬಾರದ ಅವನಿಗೆ ಪ್ರತಿ ಶನಿವಾರ ಗುರಿಹಲಗೆಯ ಕೆಳಗಿನ ಕಂದಕದಲ್ಲಿ ಕೂತು, ಗುಂಡಿನ ತೂತುಗಳಿಗೆ ಕಾಗದ ಅಂಟಿಸುವ ಕೆಲಸ.

"ಊರೆಲ್ಲ ನನಗೆ ಸಂತಾಪ ಹೇಳ್ತಿದೆ ಕಣೇ. ನಿನಗೆ ಎಲ್ಲರಿಗಿಂತ ಬೇಕಾದವನು ನಾನಂತೆ. ಹತ್ತೊಂಬತ್ತು ವರ್ಷದಲ್ಲಿ ನೀನು ಒಂದು ಸಲವಾದ್ರೂ ಹೇಳಿದ್ಯಾ? ಪರವೂರಿನವರ ಬಾಯಲ್ಲಿ ಕೇಳ್ಬೇಕಾಯ್ತು."

"ಕೊಬ್ಬು ನಿನಗೆ."

"ಬೇಡ ಅಂದ್ರೆ ಇವತ್ತು ಹೋಗಲ್ಲ. ಅಂದುಬಿಡು."

ಬೇಡ ಎಂಬುದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಂದರೆ, ಮುದುಕಿಯ ಮಸಿಗಂಟಿಗೆ ತಲೆಬಾಗಿದ ಹಾಗೆ.

"ಹೋಗೋ," ಎಂದಳು. "ಅಂಟು ಮರೀಬೇಡ."

ಗಣಿಯ ತಿಪ್ಪೆಗುಡ್ಡದ ಬುಡದಲ್ಲಿ ಗುರಿಹಲಗೆಗಳು ಬಿಸಿಲಿಗೆ ನಡುಗುತ್ತಿದ್ದವು. ಕ್ಲಬ್ಬಿನ ಕ್ಯಾಪ್ಟನ್ ಡಿಗರಿ ಟ್ರೆಗೆನ್ಜಾ ಟೋಪಿ ತೆಗೆದು, ಮತ್ತೆ ಹಾಕಿಕೊಂಡ.

"ಅಮ್ಮಾ ತಾಯಿ, ಬೇರೆ ರೈಫಲ್ ಕೊಡ್ತೀನಿ."

"ಹೆದರಿಕೆ ಆದ್ರೆ ಪ್ರಾರ್ಥನೆಗೆ ಹೋಗಿ, ಕ್ಯಾಪ್ಟನ್ರೇ. ಇನ್ನೂ ಬಾಗಿಲು ತೆಗೆದಿರತ್ತೆ."

ಅವಳು ಬೋರಲಾಗಿ ಮಲಗಿದಳು. ಕೆಂಪು ಬಾವುಟ ಇಳಿಯಿತು. ಮೊದಲ ಗುಂಡು ಹಲಗೆಯ ನಡುವಿನ ಕಪ್ಪು ಬೊಟ್ಟಿಗೇ. ಹಿಂದೆ ನಿಂತವರು ಉಸಿರು ಬಿಟ್ಟದ್ದು ಕೇಳಿಸಿತು. ಊನಾ ಗೆದ್ದವಳ ನಗೆ ನಕ್ಕು ಎರಡನೆಯ ತೋಟಾ ತುಂಬಿ ರೈಫಲ್ಲಿನ ಕುದುರೆ ಎಳೆದಳು.

ಟಿಕ್.

ಅಷ್ಟೇ. ಗುಂಡು ಹಾರಲಿಲ್ಲ.

ಇದರ ನಿಯಮ ಅವಳಿಗೆ ಬಾಯಿಪಾಠ. ಹಳೆಯ ಮದ್ದು ಒಳಗೇ ಹೊಗೆಯಾಡುತ್ತಾ ತಡವಾಗಿ ಸಿಡಿಯಬಹುದು. ನಳಿಗೆ ಗುರಿಯತ್ತಲೇ ಇರಬೇಕು. ಬೋಲ್ಟ್ ಮುಟ್ಟಕೂಡದು. ಮೂವತ್ತರವರೆಗೆ ಎಣಿಸಬೇಕು.

ಒಂದು. ಎರಡು. ಮೂರು.

ಸದ್ದು ಕೇಳದೆ, ಅವಳ ಸರದಿ ಮುಗಿಯಿತೆಂದುಕೊಂಡು, ಬಾವುಟ ಏರಿಸುವುದನ್ನೂ ಮರೆತು ಕಂದಕದಿಂದ ಕ್ಲೆಮ್ ಎದ್ದ. ಕೈಯಲ್ಲಿ ಅಂಟಿನ ಡಬ್ಬಿ. ಡಿಗರಿ ಕಿರುಚುತ್ತಾ, ಕಂದಕಕ್ಕೆ ತಂತಿ ಎಳೆದಿದ್ದ ಟೆಲಿಫೋನಿನ ಹಿಡಿ ತಿರುವಿದ. ತಂತಿಯಲ್ಲಿ ಜೀವವಿರಲಿಲ್ಲ.

ಕ್ಲೆಮ್ ಹಲಗೆಯ ಮುಂದೆ ನಿಂತ. ಈಚೆಗೆ ಮುಖಮಾಡಿ ಟೋಪಿ ಬೀಸಿದ.

ಊನಾ ನಳಿಗೆಯನ್ನು ಬದಿಗೆ ಎಳೆದಳು. ಅದು ಬರಲಿಲ್ಲ. ಭುಜ ಕೊಟ್ಟು ನೂಕಿದಳು. ಅಲುಗಲಿಲ್ಲ. ಆ ತುದಿಯನ್ನು ಯಾರೋ ಎರಡು ಕೈಯಿಂದ ಹಿಡಿದಿದ್ದರು. ಸುಟ್ಟ ಉಣ್ಣೆಯ ವಾಸನೆ. ಬಿಸಿಲು ಆರಿತು. ಸುತ್ತಲೂ ನಳಿಗೆಯೊಳಗಿನ ಅದೇ ಒದ್ದೆ ಕತ್ತಲೆ. ಅದರ ಕೊನೆಯಲ್ಲಿ ಕಾಸಿನಗಲದ ಬೆಳಕು. ಬೆಳಕಿನಲ್ಲಿ ಕ್ಲೆಮ್‌ನ ಎದೆ. ಅಂಗಿಯ ಎರಡನೆಯ ಗುಂಡಿ. ಉಕ್ಕಿನೊಳಗೆ ಸಣ್ಣಗೆ ಸುಯ್ ಎನ್ನುತ್ತಿತ್ತು. ಮದ್ದು ಹೊತ್ತುತ್ತಿತ್ತು.

ಹನ್ನೊಂದು. ಹನ್ನೆರಡು.

ಬೋಲ್ಟಿನ ಬಿಗಿ ಬಿಚ್ಚಿದರೆ ಸಿಡಿತ ಹಿಂದಕ್ಕೆ, ತನ್ನ ಮುಖಕ್ಕೇ ಬರುತ್ತದೆ. ಹಾಗೆ ಸತ್ತವರ ರೈಫಲ್ಲುಗಳನ್ನು ಅವಳು ಮೇಜಿನ ಮೇಲಿಟ್ಟು ವರದಿ ಬರೆದಿದ್ದಳು.

"ನಿನಗೆ ಕೊಡಲ್ಲ ಕಣೇ, ಮುದಿಗೂಬೆ," ಎಂದಳು ಊನಾ, ಸತ್ತು ಎಷ್ಟೋ ವರ್ಷವಾಗಿದ್ದ ಕೆಜಾಯಾಳ ತಾಯಿಗೆ. ಬೋಲ್ಟಿನ ಹಿಡಿ ಎತ್ತಿದಳು.

ಗುಂಡು ಇಪ್ಪತ್ತು ಗಜದಾಚೆ ಧೂಳಿನಲ್ಲಿ ಹೂತಿತು. ಉಳಿದದ್ದೆಲ್ಲ ಹಿಂದಕ್ಕೆ ಬಂತು.

ಆಸ್ಪತ್ರೆಯಲ್ಲಿ ಬಲಗಣ್ಣಿನ ಜಾಗದಲ್ಲಿ ಹತ್ತಿ, ಬಲಗೈಯಲ್ಲಿ ಉಳಿದದ್ದು ಎರಡೇ ಬೆರಳು. ಮೊದಲ ವಾರ ಕ್ಲೆಮ್ ಅವಳಿಗೆ ಗಂಜಿ ಕುಡಿಸಿದ, ಊರಿನ ಸುದ್ದಿ ಹೇಳಿದ. ಎರಡನೆಯ ವಾರ ಹಾಸಿಗೆಯ ಅಂಚಿನಲ್ಲಿ ಕೂತು ಟೋಪಿ ತಿರುಗಿಸತೊಡಗಿದ.

"ಊರಲ್ಲಿ ಏನಂತಾರೆ ಗೊತ್ತಾ? ಗುಂಡು ಹುಡುಕ್ಕೊಂಡು ಹೋಗಿದ್ದು ನಿನ್ನನ್ನೇ ಅಂತೆ." ನಗಲು ಯತ್ನಿಸಿದ. "ನಾನೇನೋ ನಾನು ಅಂದ್ಕೊಂಡಿದ್ದೆ."

ಊನಾ ಕಣ್ಣಿನ ಮೇಲಿನ ಹತ್ತಿಯನ್ನು ಎಡಗೈಯಿಂದ ಒತ್ತಿಕೊಂಡಳು.

"ತಮಾಷೆ ಇರಲಿ. ಒಂದೇ ಒಂದು ಹೇಳು. ಮೂವತ್ತು ಎಣಿಸೋದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನಗೋಸ್ಕರ ಆಗಿದ್ರೆ, ನಳಿಗೆ ಒಂದಿಂಚು ಆಚೆ ತಿರುಗಿಸಿದ್ರೆ ಸಾಕಿತ್ತಲ್ಲೇ. ಹಿಡಿ ಯಾಕೆ ಎತ್ತಿದೆ?"

ಅದಕ್ಕೆ ಉತ್ತರ ಒಂದೇ: ನಳಿಗೆ ತಿರುಗಲಿಲ್ಲ. ಆಮೇಲೆ ಯಾಕೆ ತಿರುಗಲಿಲ್ಲ ಎಂಬುದಕ್ಕೂ ಒಂದೇ. ಅದನ್ನು ಹೇಳಿದರೆ ಸಂಜೆಯೊಳಗೆ ಡಿಗರಿ ಟೋಪಿ ತೆಗೆಯುತ್ತಾನೆ, ಕೆಜಾಯಾ ತಲೆಯಾಡಿಸುತ್ತಾಳೆ, ಸತ್ತ ಮುದುಕಿ ಗೆಲ್ಲುತ್ತಾಳೆ.

"ಅವಸರ ಆಯ್ತು," ಎಂದಳು ಊನಾ. "ಹಳೇ ಮದ್ದು. ಅಷ್ಟೇ."

ಕ್ಲೆಮ್ ಅವಳ ಉಳಿದ ಒಂದು ಕಣ್ಣನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಟೋಪಿ ಹಾಕಿಕೊಂಡ. ವರ್ಗಕ್ಕೆ ಅರ್ಜಿ ಬರೆದಿದ್ದೇನೆ, ಒಬ್ಬನದೇ, ಎಂದು ಬಾಗಿಲ ಹತ್ತಿರ ನಿಂತು, ರೈಲಿನ ಸಮಯ ಹೇಳುವ ದನಿಯಲ್ಲಿ ಹೇಳಿದ.

ಅವನ ಹೆಜ್ಜೆಗಳು ವಾರ್ಡಿನ ಹೊರಗಿನ ಓಣಿಯುದ್ದಕ್ಕೂ ಕೇಳಿಸುತ್ತಿದ್ದವು. ಒಂದು ಕೂಗಿಗೆ ಎಟುಕುವ ದೂರ. ಊನಾ ಹಲ್ಲು ಕಚ್ಚಿಕೊಂಡು, ಒಂದರಿಂದ, ಎಣಿಸತೊಡಗಿದಳು. ಮೂವತ್ತಕ್ಕೆ ಮೊದಲೇ ಓಣಿ ನಿಶ್ಶಬ್ದವಾಯಿತು.