ಸೀಸೆಯ ತಳದ ಉಪ್ಪು

೧೯೪೩ರ ನವೆಂಬರ್ ೯, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹುಮನಾಬಾದ್ ಠಾಣೆಯ ಮೆಟ್ಟಿಲು ಹತ್ತಿ ಬಂದ ಕುಲ್ಸುಮ್ ಬೀಯ ಸೆರಗು ಸುಟ್ಟು ಕರಕಲಾಗಿತ್ತು. ಹಿಂದಿನ ಸಂಜೆ ಪಕ್ಕದ ಮನೆಯ ಇಸ್ಮಾಯಿಲ ಕಡ್ಡಿ ಗೀರುತ್ತಲೇ ಕಂದೀಲು ಸಿಡಿದಿತ್ತು. ಬೆಳಗಾಗುವಷ್ಟರಲ್ಲಿ ಆತ ಪ್ರಾಣ ಬಿಟ್ಟಿದ್ದ.

"ಕಾಶಿರಾಮನ ಅಂಗಡಿ ಎಣ್ಣಿ, ಸರಕಾರ್. ಏನು ಕಲಸಿ ಮಾರ್ಯಾನೋ!"

ಠಾಣೆಯ ಅಧಿಕಾರಿ ಅಮೀನ್ ಗಯಾಸುದ್ದೀನ್ ಎಫ್‌ಐಆರ್ ಬರೆಸಿದರು. ಬೆಂಕಿ ಆರಿಸಲು ಹೋಗಿ ಆಕೆಯ ಸೆರಗು ಸುಟ್ಟ ಸಂಗತಿಯನ್ನೂ ಸೇರಿಸಿದರು.

ಎಂಟೂವರೆಗೆ ಅವರು ಪೊಲೀಸ್ ಜವಾನ ಮಚ್ಚೇಂದ್ರನೊಡನೆ ಅಂಗಡಿ ತಲುಪಿದಾಗ ಜನ ಕಲ್ಲು ಹಿಡಿದು ನಿಂತಿದ್ದರು. ಯುದ್ಧದ ದಿನಗಳು, ಇಡೀ ಓಣಿಗೆ ಚೀಟಿಯ ಮೇಲೆ ಚಿಮಣಿ ಎಣ್ಣೆ ಸಿಗುತ್ತಿದ್ದುದು ಈ ಒಂದೇ ಪೀಪಾಯಿಯಿಂದ.

"ನಮ್ಮ ಮನ್ಯಾಗೂ ಇದ ಎಣ್ಣಿ ಉರೀತದ್ರಿ," ಕಾಶಿರಾಮ ಕೈಮುಗಿದ. "ಸಂಜಿತನ ಇವರು ನನ್ನ ಜೀವಂತ ಬಿಡಂಗಿಲ್ಲ, ಸಾಬ್ರ."

"ನೀ ಕಡಿಮಿ ಅಳಿಯೋ ಮಾಪ ನೋಡಿದ್ರ ಯಾವಾಗೋ ಬಿಡಬಾರದಿತ್ತು," ಮಚ್ಚೇಂದ್ರ ಗೊಣಗಿದ.

ಅಮೀನರು ಪೀಪಾಯಿಯ ಒಂದು ಹನಿಯನ್ನು ಅಂಗೈಗೆ ತೀಡಿದರು. ಜಿಡ್ಡು ಹಾಗೆಯೇ ಉಳಿಯಿತು.

ಹತ್ತಕ್ಕೆ ಇಸ್ಮಾಯಿಲನ ಮನೆಯಲ್ಲಿ ಪಂಚನಾಮೆ. ಎಣ್ಣೆಯ ಸೀಸೆಯಲ್ಲಿ ಉಳಿದಿದ್ದ ಹನಿ ಅಂಗೈಯನ್ನು ತಣ್ಣಗೆ ತಾಗಿ, ಕಣ್ಣೆವೆ ಮುಚ್ಚುವುದರೊಳಗೆ ಆರಿಹೋಯಿತು. ಪೆಟ್ರೋಲು! ಸೀಸೆಯ ತಳದಲ್ಲಿ ಬಿಳಿಯ ಹರಳುಗಳು. ಮಚ್ಚೇಂದ್ರ ಒಂದನ್ನು ಒರೆಸಿ ನಾಲಿಗೆಗೆ ಮುಟ್ಟಿಸಿದ.

"ಉಪ್ಪು, ಸಾಬ್ರ!"

ಹೇಳಿಕೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಪಕ್ಕದ ಕುಲ್ಸುಮ್ ಬೀಯ ಮನೆಗೆ ಹೋದ ಅಮೀನರ ಕಣ್ಣು ಗೂಡಿನಲ್ಲಿದ್ದ ಗಾಜಿನ ದೀಪದ ಮೇಲೆ ನಿಂತಿತು. ಅದರ ತಳದಲ್ಲೂ ಅವೇ ಹರಳುಗಳು.

"ಬೀಬಿ, ದೀಪದಾಗ ಉಪ್ಪು ಯಾಕ?"

"ಎಣ್ಣಿ ನಾಕ ದಿನ ಹೆಚ್ಚು ಬರ್ತದ, ಸರಕಾರ್. ಲಗ್ನಾಗಿ ಬಂದಾಗಿಂದ ಹಾಕಾಕತ್ತೇನಿ."

"ಇಸ್ಮಾಯಿಲನೂ ಹಾಕ್ತಿದ್ದನೇನು?"

"ಅವನೆಲ್ಲಿ! ಬತ್ತಿ ಚಟಪಟ ಅಂತದಂತ ನನಗ ನಗ್ತಿದ್ದ."

"ಹಂಗಾದ್ರ ಅವನ ಸೀಸ್ಯಾಗ ಹಾಕಿದವರು ಯಾರು?"

ಮುದುಕಿ ತನ್ನ ಬೆರಳುಗಳನ್ನೇ ನೋಡಿಕೊಂಡಳು. ನಲವತ್ತು ವರ್ಷಗಳ ರೂಢಿ, ಕೈ ತಾನಾಗಿಯೇ ಚಿಟಿಕೆ ಉದುರಿಸಿತ್ತು. ಇಪ್ಪತ್ತು ವರ್ಷಗಳ ನೌಕರಿಯಲ್ಲಿ ಫಿರ್ಯಾದಿಯ ಕಣ್ಣಲ್ಲಿ ಗಯಾಸುದ್ದೀನರು ಇಂಥ ಶಾಂತಿ ಕಂಡಿರಲಿಲ್ಲ.

ಆಕೆ ಮಂಚದಡಿಯಿಂದ ಒಂದು ಡಬ್ಬಿ ಎಳೆದಳು. "ನನ್ನ ಮಗ ಖಾಜಾ ಕಲ್ಯಾಣಿಗೆ ಹೋಗೋ ಬಸ್ಸಿನ ಡ್ರೈವರ್ ಇದ್ದ. ಬಟ್ಟಿ ಮ್ಯಾಗಿನ ಗ್ರೀಸ್ ತೆಗಿಯಾಕ ಈ ಪೆಟ್ರೋಲ್ ಇಟ್ಟಿದ್ದ. ಆರು ತಿಂಗಳಿಗೆ ವಾಪಸ್ ಬರ್ತಾನಂತ ಹೇಳಿ ಇಸ್ಮಾಯಿಲ ಅವನ್ನ ಫೌಜಿಗೆ ಭರ್ತಿ ಮಾಡಿಸ್ದ. ಬರ್ಮಾದಾಗ ಲಾರಿ ಜೋಡಿ ಸುಟ್ಟಹೋದನಂತ ತಾರು ಬಂತು. ಓದಿ ಹೇಳ್ದವನೂ ಅವನ. ಓದಿ, ಮಡಚಿ ಇಟ್ಟು, 'ಚಾ ಮಾಡು ಅಮ್ಮಾ' ಅಂದ."

ಹನ್ನೊಂದು ನಲವತ್ತಕ್ಕೆ ಬಂಧನ. ಕಾಶಿರಾಮನ ಅಂಗಡಿಯ ಮುಂದೆ ಕಲ್ಲುಗಳು ಒಂದೊಂದಾಗಿ ಕೆಳಗಿಳಿದವು. ಬೇಡಿ ಹಿಡಿದ ಮಚ್ಚೇಂದ್ರ ಆಕೆಯ ಸುಟ್ಟ ಸೆರಗು ನೋಡಿ ತಡೆದ.

"ಕೊಲ್ಲಾಕಂತನ ಹಾಕ್ದಿ. ಮತ್ತ ಆರಸಾಕ ಯಾಕ ಓಡಿದಿ, ಅಮ್ಮಾ?"

"ಉರಿಯಾಕತ್ತಾಗ," ಆಕೆ ಮೆಲ್ಲಗೆ ಅಂದಳು, "ಖಾಜಾನಂಗ ಕಂಡ."