ಅರ್ಧ ಸೆಕೆಂಡ್ ತಡ

"ತುಂಬಿದ ಥಿಯೇಟರ್ ನಿನ್ನನ್ನ ನೋಡಿ ಬಿದ್ದು ಬಿದ್ದು ನಗೋ ಹಾಗೆ ಮಾಡ್ತೀನಿ. ಮಾಡದೇ ಇದ್ರೆ ಕೇಳು."

ಆರು ವರ್ಷದ ಹಿಂದೆ, ಮದುವೆ ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ಕೂತು ಅವಳು ಅವನಿಗೆ ಕೊಟ್ಟ ಮಾತು ಅದು. ಫೋನಿನಲ್ಲೇ ಕೊಟ್ಟಳು, ಯಾಕೆಂದರೆ ಮದುವೆಯ ಗಂಡು ಬಂದಿರಲಿಲ್ಲ. ಬಂದದ್ದು ಒಂದು ಮೆಸೇಜು: 'ನಾನು ನಿನಗೆ ತಕ್ಕವನಲ್ಲ. ನನ್ನಿಂದ ದೂರ ಇದ್ದರೇನೇ ನೀನು ಕ್ಷೇಮ. ಮರೆತುಬಿಡು.'

ಸಾಕ್ಷಿ ಹಾಕಲು ಬಂದಿದ್ದ ಅಕ್ಕ ಅದನ್ನು ಎರಡು ಸಲ ಓದಿ, "ಇವನೇನು ಮನುಷ್ಯನೋ ವ್ಯಾಂಪೈರೋ?" ಅಂದಿದ್ದಳು.

ಅಕ್ಕ ಹಾಗೆ ಅಂದದ್ದಕ್ಕೆ ಕಾರಣವಿತ್ತು. ಅವನೂ ಅವಳೂ ಕೆಲಸ ಮಾಡುತ್ತಿದ್ದ ಥಿಯೇಟರಿನಲ್ಲಿ ಓಡುತ್ತಿದ್ದುದು ವಿದೇಶಿ ಚಿತ್ರಗಳು. ಆಗಷ್ಟೇ ಓಡಿದ್ದು, ಪ್ರೀತಿಸಿದವಳ ಕ್ಷೇಮಕ್ಕೆಂದು ದೂರ ನಿಲ್ಲುವ, ರಕ್ತ ಹೀರುವ ವ್ಯಾಂಪೈರ್ ಒಬ್ಬನ ಕಥೆ. ಪಾತ್ರಗಳ ಮಾತನ್ನು ನಮ್ಮ ಭಾಷೆಯಲ್ಲಿ ಬರೆಯುವವಳು ಅವಳು. ಪ್ರೊಜೆಕ್ಟರ್ ಕೋಣೆಯಲ್ಲಿ ಕೂತು, ಚಿತ್ರ ಓಡುವಾಗ ಒಂದೊಂದೇ ಗುಂಡಿ ಒತ್ತಿ ಆ ಸಾಲುಗಳನ್ನು ಪರದೆಯ ಕೆಳಗೆ ಬೀಳಿಸುವವನು ಅವನು. ಆ ಕೆಲಸವನ್ನು ಅವಳಿಗೆ ಕಲಿಸಿದವನೂ ಅವನೇ. ಅದಕ್ಕೇ ಅವಳು ಅವನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದಳು.

"ನೋಡು, ಸಾಲು ಮಾತಿಗಿಂತ ಅರ್ಧ ಸೆಕೆಂಡ್ ಮೊದಲು ಬಿದ್ರೆ ಜನ ನಗ್ತಾರೆ. ಅರ್ಧ ಸೆಕೆಂಡ್ ತಡ ಆದ್ರೆ ಅಳ್ತಾರೆ. ಉಳಿದಿದ್ದೆಲ್ಲ ಬರೀ ಟೈಪಿಂಗು," ಎನ್ನುತ್ತಿದ್ದ. ಹೇಳುವಾಗ ಅವಳ ತೋರುಬೆರಳ ಮೇಲೆ ತನ್ನ ಬೆರಳಿಟ್ಟಿರುತ್ತಿದ್ದ. ಪಾಠ ಮುಗಿದ ಮೇಲೂ ತೆಗೆಯುತ್ತಿರಲಿಲ್ಲ.

ಆ ವ್ಯಾಂಪೈರ್ ಚಿತ್ರದ ಮೊದಲ ಭಾಗವನ್ನು ಇಬ್ಬರೂ ಸೇರಿ ಓಡಿಸಿದ್ದರು. ಅದು ಥಿಯೇಟರಿನಿಂದ ಇಳಿದ ವಾರವೇ ಅವನು ಕೆಲಸ ಬಿಟ್ಟು, ಊರು ಬಿಟ್ಟು, ಅವಳನ್ನು ಬಿಟ್ಟು ಹೋದ.

ಈಗ ಎರಡನೇ ಭಾಗ ಬಂದಿತ್ತು. ಗುಂಡಿ ಒತ್ತುವ ಕೆಲಸವೂ ಈಗ ಅವಳದೇ.

ಬೆಳಿಗ್ಗೆ ಎಂಟಕ್ಕೇ ಜನರ ಸಾಲು ಥಿಯೇಟರಿನ ಗೇಟು ದಾಟಿ ಬೀದಿಯ ತಿರುವಿನವರೆಗೆ ಬೆಳೆದಿತ್ತು. ಹುಡುಗಿಯರು ಕಪ್ಪು ಬಟ್ಟೆ ತೊಟ್ಟು, ತುಟಿಗೆ ಕೆಂಪು ಮೆತ್ತಿಕೊಂಡು, ಪ್ಲಾಸ್ಟಿಕ್ ಕೋರೆಹಲ್ಲು ಸಿಕ್ಕಿಸಿಕೊಂಡು ಬಂದಿದ್ದರು. ಆ ಹಲ್ಲಿನಲ್ಲಿ ಮಾತಾಡಲಾಗದೆ ಸನ್ನೆಯಲ್ಲೇ ಜಗಳ ಮಾಡುತ್ತಿದ್ದರು. ಬೆಳ್ಳುಳ್ಳಿ ಹಾರ ಹಾಕಿಕೊಂಡ ಯಜಮಾನರೊಬ್ಬರ ಹಿಂದೆ ನಿಂತವರು ಮಾತ್ರ ಎರಡು ಮಾರು ದೂರ ಉಳಿದಿದ್ದರು. "ಈ ಸಲನಾದ್ರೂ ಅವಳನ್ನ ಕಚ್ತಾನಾ?" "ಕಚ್ಚಲ್ಲ ಕಣೇ, ಬಿಟ್ಟು ಹೋಗ್ತಾನೆ. ಟ್ರೇಲರ್ ನೋಡ್ಲಿಲ್ವಾ!"

ಟಿಕೆಟ್ ಕೊಳ್ಳಲು ನಿಂತಿದ್ದ ಅಕ್ಕ ಫೋನ್ ಮಾಡಿದಳು. "ಲೇ, ಅವನು ಬಂದಿದ್ದಾನೆ. ನಿನ್ನ ಮೇಷ್ಟ್ರು. ಒಬ್ಬನೇ ಇದ್ದಾನೆ."

"ಬರಲಿ."

"ಏನೇ ಮಾಡ್ತೀಯಾ?"

"ಕೆಲಸ."

ಮೊದಲ ಆಟ ಹನ್ನೊಂದಕ್ಕೆ. ನಾಯಕ ಕೋಟೆಯ ಬಾಗಿಲಲ್ಲಿ ನಾಯಕಿಯನ್ನು ತೊರೆದು ಹೋಗುವ ದೃಶ್ಯವಿತ್ತು. ಮೂಲದಲ್ಲಿ ಅವನು ಹೇಳುವುದು ಬೇರೆ ಏನೋ. ಅಕ್ಕನ ಫೋನ್ ಬಂದ ಮೇಲೆ ಅವಳು ಅದನ್ನು ಅಳಿಸಿ ಆರು ವರ್ಷದ ಹಿಂದಿನ ಮೆಸೇಜನ್ನು ಅಕ್ಷರ ಬಿಡದೆ ಇಳಿಸಿದ್ದಳು. ಜನ ಕೇಕೆ ಹಾಕಿ ನಗುತ್ತಾರೆ, ಮೂರನೇ ಸಾಲಿನಲ್ಲಿ ಕೂತ ಆ ತಲೆ ತಗ್ಗುತ್ತದೆ. ಇಷ್ಟೇ ಅವಳಿಗೆ ಬೇಕಾಗಿದ್ದದ್ದು.

ಗುಂಡಿ ಒತ್ತಿದಳು. 'ನಾನು ನಿನಗೆ ತಕ್ಕವನಲ್ಲ.' ಒಬ್ಬರೂ ನಗಲಿಲ್ಲ. 'ನನ್ನಿಂದ ದೂರ ಇದ್ದರೇನೇ ನೀನು ಕ್ಷೇಮ.' ಯಾರೋ ಮೂಗು ಸೀಟಿದರು. 'ಮರೆತುಬಿಡು.' ಅಷ್ಟೇ, ಇಡೀ ಥಿಯೇಟರು ಗೊಳೋ ಎಂದಿತು. ಬೆಳ್ಳುಳ್ಳಿ ಯಜಮಾನರೂ ಕರವಸ್ತ್ರ ತೆಗೆದರು. "ಎಂಥ ದೊಡ್ಡ ಮನಸ್ಸು ಪಾಪ!" ಎಂದು ಯಾವಳೋ ಹಲ್ಲು ಕಳಚಿಕೊಂಡೇ ಕೂಗಿದಳು.

ದೊಡ್ಡ ಮನಸ್ಸಂತೆ! ಅವಳ ಮೈ ಉರಿದುಹೋಯಿತು.

ಆಟ ಬಿಟ್ಟ ಮೇಲೆ ಕೋಣೆಯ ಬಾಗಿಲು ತಟ್ಟಿದ ಸದ್ದಾಯಿತು. ಅವನೇ. ಕಿವಿಯ ಬಳಿ ನಾಲ್ಕು ಬಿಳಿ ಕೂದಲು, ಅದೇ ಓರೆ ಹುಬ್ಬು. ಅವಳು ಕುರ್ಚಿ ತಿರುಗಿಸಲಿಲ್ಲ.

"ನನ್ನ ಸಾಲು ಕದ್ದಿದ್ದೀಯ," ಎಂದ.

"ನನಗೆ ಕಳಿಸಿದ್ದು ನನ್ನದು. ಏನು ಬೇಕು ಮೇಷ್ಟ್ರೇ?"

"ಜನ ಯಾಕೆ ನಗ್ಲಿಲ್ಲ ಗೊತ್ತಾ? ನೀನು ಅರ್ಧ ಸೆಕೆಂಡ್ ತಡ ಮಾಡ್ದೆ. ಮೂರು ಸಾಲಿಗೂ."

"ಮೆಷಿನ್ ಹಳೇದು."

"ಮೆಷಿನ್ ಅಲ್ಲ. ನಿನ್ನ ಬೆರಳು ತಡೀತು."

ಅವಳು ಈಗ ತಿರುಗಿದಳು. ಕಣ್ಣು ತುಂಬಿತ್ತು, ಅದು ಅವನಿಗೆ ಕಂಡಿತೆಂಬುದೇ ಅವಳಿಗೆ ಇನ್ನಷ್ಟು ಸಿಟ್ಟು. "ಯಾಕೆ ಬರ್ಲಿಲ್ಲ ಅವತ್ತು? ಕಥೆ ಕಟ್ಟಬೇಡ."

ಅವನು ಬಾಗಿಲ ಚೌಕಟ್ಟಿಗೆ ಒರಗಿದ. "ಬಂದಿದ್ದೆ. ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ನೀನು ಒಳಗೆ ಹೋಗಿದ್ದು ನೋಡ್ದೆ. ಎಷ್ಟು ಚೆನ್ನಾಗಿ ಕಾಣ್ತಿದ್ದೆ ಅಂದ್ರೆ… ಕಾಲು ಗಡಗಡ ಅಂತು. ಹೆದರಿ ಓಡಿಹೋದೆ. ಅಷ್ಟೇ. ಬಸ್ಸಲ್ಲಿ ಕೂತು ಆ ಮೆಸೇಜ್ ಟೈಪ್ ಮಾಡ್ದೆ."

"ಜೆರಾಕ್ಸ್ ಅಂಗಡಿ!"

"ಹ್ಞೂಂ."

"ಈಗ್ಯಾಕೆ ಬಂದೆ?"

"ಈಗ್ಲೂ ಹೆದರಿಕೆನೇ. ಆದ್ರೆ ಓಡಿ ಓಡಿ ಸಾಕಾಯ್ತು. ನೀನಿಲ್ಲದೆ ಎಲ್ಲೂ ನೆಲೆ ನಿಲ್ಲಲಿಲ್ಲ ಕಣೇ."

ಅವಳು ಕೀಬೋರ್ಡಿನತ್ತ ತಿರುಗಿದಳು. "ಮೂರು ಗಂಟೆ ಆಟಕ್ಕೆ ಕೂತ್ಕೋ. ಮೊದಲನೇ ಸಾಲು, ನಟ್ಟನಡುವೆ. ಎದ್ದು ಹೋದ್ರೆ ಜನ್ಮದಲ್ಲಿ ಮುಖ ತೋರಿಸಬೇಡ."

ಮೂರರ ಆಟವೂ ಗಿಜಿಗಿಜಿ. ಬೆಳಗಿನವರು ಹೇಳಿ ಕಳಿಸಿದ್ದರೇನೋ, ಕೆಲವರು ಕರವಸ್ತ್ರ ಬಿಚ್ಚಿಟ್ಟುಕೊಂಡೇ ಕೂತಿದ್ದರು. ಕೋಟೆಯ ಬಾಗಿಲು ತೆರೆಯಿತು. ಮುನ್ನೂರು ವರ್ಷ ವಯಸ್ಸಿನ ವ್ಯಾಂಪೈರ್ ಬೆಳದಿಂಗಳಿಗೆ ಮುಖವೊಡ್ಡಿ ಉಸಿರೆಳೆದುಕೊಂಡ. ಅವನು ಬಾಯಿ ತೆರೆಯುವ ಅರ್ಧ ಸೆಕೆಂಡ್ ಮೊದಲು ಅವಳು ಒತ್ತಿದಳು.

'ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ.'

ಎಲ್ಲೋ ಒಂದು ಕಿಸಕ್.

'ನೀನು ಒಳಗೆ ಹೋಗಿದ್ದು ನೋಡಿದೆ. ಕಾಲು ಗಡಗಡ ಅಂತು.'

ಬಾಲ್ಕನಿ ಸಿಡಿಯಿತು.

'ಬಸ್ಸು ಹತ್ತಿ ಓಡಿಹೋದೆ.'

ಥಿಯೇಟರಿಗೆ ಥಿಯೇಟರೇ ಹೊಟ್ಟೆ ಹಿಡಿದುಕೊಂಡಿತು. ಕೋರೆಹಲ್ಲುಗಳು ಉದುರಿ ಕುರ್ಚಿಯ ಕೆಳಗೆ ಹೋದವು. "ಏನ್ರೀ ಇದು!" ಎಂದು ಮ್ಯಾನೇಜರ್ ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿಸಿತು. ಅವಳು ಚಿಲಕ ಹಾಕಿದಳು. ಆದರೂ ಸಮಾಧಾನವಾಗಲಿಲ್ಲ. ನಗುತ್ತಿದ್ದದ್ದು ಪರದೆಯ ಮೇಲಿನವನನ್ನು ನೋಡಿ.

ಆಗ ಮೊದಲನೇ ಸಾಲಿನ ನಟ್ಟನಡುವೆ ಒಬ್ಬ ಎದ್ದು ನಿಂತ. ಓಡಲಿಲ್ಲ. ಪರದೆಯ ಬೆಳಕಿಗೆ ಬೆನ್ನು ಮಾಡಿ, ಜನರಿಗೆ ಮುಖ ಮಾಡಿ, ಎರಡೂ ಕೈ ಎತ್ತಿದ.

"ಅದು ನಾನೇ ರೀ! ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೋನು ನಾನೇ! ಕೈ ಕೊಟ್ಟಿದ್ದು ಅವಳಿಗೆ, ಅಗೋ, ಮೇಲೆ ಕೂತಿದ್ದಾಳಲ್ಲ, ಅವಳಿಗೆ!"

ಮರುಕ್ಷಣ ಛಾವಣಿ ಹಾರುವ ಹಾಗೆ ನಗು. ಯಾರೋ ಪಾಪ್‌ಕಾರ್ನ್ ಎರಚಿದರು. ಯಾರೋ ಬೆಳ್ಳುಳ್ಳಿ ಹೊಡೆದರು. ಅವನು ತಲೆಯ ಮೇಲಿನ ಪಾಪ್‌ಕಾರ್ನನ್ನೂ ಕೊಡವದೆ ಪ್ರೊಜೆಕ್ಟರ್ ಕೋಣೆಯ ಪುಟ್ಟ ಕಿಟಕಿಯನ್ನೇ ನೋಡುತ್ತ ನಿಂತಿದ್ದ. ಕಾಲು ನಡುಗುತ್ತಿದ್ದದ್ದು ಅಲ್ಲಿಂದಲೂ ಕಾಣುತ್ತಿತ್ತು.

ಸಾವಿರ ತಲೆ ಕಿಟಕಿಯತ್ತ ತಿರುಗಿತು. ಈ ಆಟಕ್ಕೂ ಕೂತಿದ್ದ ಅಕ್ಕನದೇ ದನಿ: "ಏನೇ, ಬೇಕೇನೇ ಇವನು?"

ಪರದೆಯ ಮೇಲೆ ನಾಯಕಿ ಏನೋ ಹೇಳಿ ಅಳುತ್ತಿದ್ದಳು. ಅದರ ಕೆಳಗೆ ಸಾಲು ಬಿತ್ತು:

'ಬೇಕು. ಮೊದಲು ಇನ್ನೊಂದು ಸಲ ನಗಿ.'

ನಕ್ಕರು. ಅವನೂ ನಕ್ಕ, ಅಳುತ್ತಲೇ.

ಅವಳು ಮಾತು ಉಳಿಸಿಕೊಂಡಳು.