ಮುಂದಿನವರಿಗೆ ಒಂದು ಸಾಲು

“ಇದು ಸಿನಿಮಾ ಆಗಿದ್ಯಾ ಮಿಸ್?”

“ಇಲ್ಲಮ್ಮ.”

“ಹಾಗಾದ್ರೆ ಬೇಡ ಬಿಡಿ.”

ಐದನೇ ಕ್ಲಾಸಿನ ಜಡ್ಜಮ್ಮ ಪುಸ್ತಕವನ್ನು ಲೈಬ್ರರಿ ಕಪಾಟಿಗೆ ವಾಪಸ್ ತಳ್ಳಿದಳು. ಎಲ್ಲದಕ್ಕೂ ತೀರ್ಪು ಕೊಡುತ್ತಾಳೆಂದು ಅಪ್ಪ ಇಟ್ಟ ಹೆಸರದು. ಅವಳಿಗೋ ಅದೇ ಒಂದು ಬಿರುದು! ಸಿನಿಮಾ ಆಗಿರಬೇಕು, ಆ ಸಿನಿಮಾಕ್ಕೆ ಅವಾರ್ಡೂ ಬಂದಿರಬೇಕು. ಆಗಲೇ ಅವಳು ಪುಸ್ತಕ ಮುಟ್ಟುವುದು. ಮುಟ್ಟುವುದು ಅಷ್ಟೇ, ಓದುವುದಲ್ಲ. ಸಿನಿಮಾ ನೋಡಿದ ಮೇಲೂ ಓದುವುದೆಂದರೆ ಊಟ ಮುಗಿಸಿ ಮತ್ತೆ ತಟ್ಟೆ ಇಟ್ಟುಕೊಂಡ ಹಾಗೆ ಎಂದು ಅವಳ ವಾದ.

ಆ ಲೈಬ್ರರಿಯಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಪುಸ್ತಕದ ಕೊನೆಗೆ ಖಾಲಿ ಹಾಳೆ ಅಂಟಿಸಿರುತ್ತಿದ್ದರು. ಓದಿದವರು ಮುಂದಿನವರಿಗಾಗಿ ಅದರಲ್ಲಿ ಒಂದು ಸಾಲು ಬರೆದು ಸಹಿ ಹಾಕಬೇಕು. ಬರೆದದ್ದನ್ನು ಹೊಡೆದುಹಾಕುವ ಹಾಗಿಲ್ಲ. ಇಪ್ಪತ್ತು ಪುಸ್ತಕಗಳಲ್ಲಿ ಬರೆದವರಿಗೆ ಒಂದು ಬ್ಯಾಡ್ಜ್. ಜಡ್ಜಮ್ಮ ಹತ್ತೊಂಬತ್ತು ಮುಗಿಸಿದ್ದಳು.

ಇಪ್ಪತ್ತನೆಯದು ಕಳೆದುಹೋದ ನಾಯಿಯ ಕತೆ. ಮುಖಪುಟದಲ್ಲಿ ಸಿನಿಮಾದ ಫೋಟೋ, ಮೂಲೆಯಲ್ಲಿ ‘ಏಳು ಪ್ರಶಸ್ತಿ’ ಎಂಬ ಚಿನ್ನದ ಬಣ್ಣದ ಸ್ಟಿಕರ್. ಇನ್ನೇನು ಬೇಕು? ಸಿನಿಮಾವನ್ನು ಟೀವಿಯಲ್ಲಿ ನೋಡಿದ್ದಳು. ಕೊನೆಗೆ ನಾಯಿ ಸೇತುವೆ ಮೇಲೆ ಓಡಿ ಬರುವಾಗ ಅಮ್ಮನೂ ಮೂಗೊರೆಸಿಕೊಂಡಿದ್ದಳು. ಜಡ್ಜಮ್ಮ ಒಂದು ಪುಟವನ್ನೂ ಓದದೆ ದುಂಡಗೆ ಬರೆದಳು: “ಹೆದರಬೇಡಿ, ಕೊನೆಯಲ್ಲಿ ನಾಯಿ ವಾಪಸ್ ಬರುತ್ತೆ. ಸೂಪರ್!” ಬ್ಯಾಡ್ಜ್ ಎದೆಗೇರಿತು.

ನಾಲ್ಕು ದಿನ ಕಳೆಯಿತು. ಮೇಲಿನ ಮನೆಯ ಗುಬ್ಬಿ, ಮೂರನೇ ಕ್ಲಾಸಿನವಳು, ಅದೇ ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಬೆಕ್ಕು ಕಾಣೆಯಾಗಿ ಎರಡು ವಾರವಾಗಿತ್ತು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

“ಅಕ್ಕಾ, ನೀನು ಸುಳ್ಳುಬುರುಕಿ.”

“ಏಯ್, ಯಾಕೇ?”

“ನಾಯಿ ಬರೋದೇ ಇಲ್ಲ. ಬರುತ್ತೆ ಅಂತ ನೀನು ಬರೆದಿದ್ದಕ್ಕೇ ನಾನು ಧೈರ್ಯವಾಗಿ ಓದಿದ್ದು!”

“ಹೋಗೇ, ಬರುತ್ತೆ! ಸೇತುವೆ ಮೇಲೆ ಓಡ್ಕೊಂಡು...”

“ಯಾವ ಸೇತುವೆ? ಇದ್ರಲ್ಲಿ ಸೇತುವೇನೇ ಇಲ್ಲ!”

ಗುಬ್ಬಿ ಪುಸ್ತಕವನ್ನು ಅವಳ ಕೈಗೆ ತುರುಕಿ, “ನೀನೇ ಓದು” ಎಂದು ದಡದಡ ಮೇಲೆ ಹತ್ತಿಹೋದಳು.

ಜಡ್ಜಮ್ಮ ಅಲ್ಲೇ ಕೂತು ಓದಿದಳು. ಮೊದಲ ಹತ್ತು ಪುಟ ಬರೀ ಆಕಳಿಕೆ. ಆಮೇಲೆ ಗೆಳತಿಯರು ಆಟಕ್ಕೆ ಕೂಗಿದ್ದು ಕಿವಿಗೇ ಬೀಳಲಿಲ್ಲ. ಕೊನೆಯ ಪುಟದಲ್ಲಿ ಹುಡುಗ ನಾಯಿಯ ಬಟ್ಟಲು ತೊಳೆದು, ಒರೆಸಿ, ಬೋರಲು ಹಾಕುತ್ತಾನೆ. ಅಷ್ಟೇ. ಮ್ಯೂಸಿಕ್ ಇಲ್ಲ, ಏನಿಲ್ಲ. ಅವಳಿಗೆ ಅಳು ಒತ್ತರಿಸಿ ಬಂತು. ಏಳು ಪ್ರಶಸ್ತಿ ಕೊಟ್ಟವರ ಮೇಲೆ ಸಿಟ್ಟೂ ಬಂತು. ಆ ಪುಣ್ಯಾತ್ಮರಾದರೂ ಪುಸ್ತಕ ಓದಿದ್ದರೋ ಇಲ್ಲವೋ!

ಹಾಳೆ ತಿರುಗಿಸಿದಳು. ಅವಳ ಸಾಲಿನ ಕೆಳಗೆ ಗುಬ್ಬಿಯ ಸೊಟ್ಟ ಅಕ್ಷರ: “ಮೇಲೆ ಬರೆದಿರೋದು ಸುಳ್ಳು. ನಾಯಿ ಬರಲ್ಲ. ಅಳು ಬರುತ್ತೆ. ಆದ್ರೂ ಓದಿ.”

ಹೊಡೆದುಹಾಕುವ ಹಾಗಿಲ್ಲವಲ್ಲ! ಇನ್ನು ಯಾರು ಈ ಪುಸ್ತಕ ತೆಗೆದರೂ ಜಡ್ಜಮ್ಮನ ಸಹಿ ಹಲ್ಲು ಕಿರಿಯುತ್ತಾ ಕೂತಿರುತ್ತದೆ. ಅವಳು ಪೆನ್ನು ತಂದು ಕೆಳಗೆ ಬರೆದಳು: “ಗುಬ್ಬಿ ಹೇಳಿದ್ದೇ ನಿಜ. ನಾನು ಆಗ ಓದಿರಲಿಲ್ಲ.”

ಸಹಿ ಹಾಕಿ, ಬ್ಯಾಡ್ಜ್ ಬಿಚ್ಚಿ ಜೇಬಿಗಿಳಿಸಿ ಮೆಟ್ಟಿಲು ಹತ್ತಿದಳು. ಗುಬ್ಬಿ ಬಾಗಿಲಲ್ಲೇ ಕೂತಿದ್ದಳು. ಪಕ್ಕದಲ್ಲಿ ಬೆಕ್ಕಿನ ಬಟ್ಟಲು, ಅದರಲ್ಲಿ ಕೆನೆಗಟ್ಟಿದ ಹಾಲು.

“ಓದಿದ್ಯಾ?”

“ಹೂಂ.”

“ಅಳು ಬಂತಾ?”

“ಬಂತು.”

ಗುಬ್ಬಿ ಸರಿದು ಜಾಗ ಬಿಟ್ಟಳು. “ನನ್ನ ಬೆಕ್ಕು ಬರುತ್ತಾ ಅಕ್ಕಾ?”

‘ಬಂದೇ ಬರುತ್ತೆ’ ಎನ್ನುವ ಮಾತು ಜಡ್ಜಮ್ಮನ ನಾಲಿಗೆ ತುದಿಯವರೆಗೂ ಬಂದಿತ್ತು. ನುಂಗಿಕೊಂಡಳು.

“ಗೊತ್ತಿಲ್ಲ ಕಣೇ,” ಎಂದು ಅವಳ ಪಕ್ಕದಲ್ಲಿ ಕೂತಳು.